ಚೀಟಿ ಒಂದೂರಿಗೆ, ರೋಗಿ ಇನ್ನೊಂದೂರಿಗೆ: ಕ್ಷಯ ರೋಗಿಯೊಬ್ಬರ ಪ್ರಕರಣ ಅಧ್ಯಯನ

ದೊಡ್ಡಾಸ್ಪತ್ರೆಯಲ್ಲಿ ಟಿಬಿ ಪತ್ತೆಯಾದ ರೋಗಿಯನ್ನು ಆರು ತಿಂಗಳು ಅಲ್ಲೇ ಇಟ್ಟುಕೊಳ್ಳುವುದಿಲ್ಲ. ಗುಳಿಗೆ ಶುರು ಮಾಡಿ, ಸ್ವಲ್ಪ ಸುಧಾರಿಸಿದ ಮೇಲೆ ಮನೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದು ಕಳಿಸುತ್ತಾರೆ. ಹೀಗೆ ಮಾಡುವುದೇ ಸರಿ. ಆದರೆ ಆ ಚೀಟಿ ಬರೆದ ಮೇಜಿಗೂ ಊರಿನ ದವಾಖಾನೆಯ ಬಾಗಿಲಿಗೂ ನಡುವೆ ಎಷ್ಟೋ ಜನ ಕೈತಪ್ಪಿ ಹೋಗುತ್ತಾರೆ. ಅಂಥ ಒಬ್ಬರ ಕಥೆ ಇದು. ನಾನು ಕೊಪ್ಪಳ ಜಿಲ್ಲೆಯ ಒಂದು ಕ್ಷಯ ಘಟಕದಲ್ಲಿ ಹಿರಿಯ ಚಿಕಿತ್ಸಾ ಮೇಲ್ವಿಚಾರಕ, ಅಂದರೆ ಎಲ್ಲರೂ ಎಸ್‌ಟಿಎಸ್ ಅಂತ ಕರೆಯುವ ಕೆಲಸದಲ್ಲಿದ್ದೇನೆ. ರೋಗಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಅಣ್ಣ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಗಂಗಾವತಿ, ಕಾರಟಗಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ನೀರಿರುವಲ್ಲಿ ಭತ್ತ, ಭತ್ತ ಇರುವಲ್ಲಿ ರೈಸ್ ಮಿಲ್ಲು. ಮಿಲ್ಲಿನಲ್ಲಿ ಚೀಲ ಹೊರಲು ಒಣಬೇಸಾಯದ ಊರುಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಅಣ್ಣ ಅಂಥವರು. ಮೂಲ ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆ. ವಯಸ್ಸು ನಲವತ್ತರ ಒಳಗೆ. ಹೆಂಡತಿ, ಮೂರು ದಾಟಿದ ಮಗಳು. ಮಿಲ್ಲಿನ ಹಿಂದೆ ತಗಡಿನ ಸಾಲು ಮನೆಗಳಲ್ಲಿ ಒಂದು ಕೋಣೆ.

ತಿಂಗಳುಗಟ್ಟಲೆ ಕೆಮ್ಮಿತ್ತು. ಅಕ್ಕಿ ತೌಡಿನ ಧೂಳಿನಲ್ಲಿ ಕೆಲಸ ಮಾಡುವವರಿಗೆ ಕೆಮ್ಮು ಹೊಸದಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಫದಲ್ಲಿ ರಕ್ತ ಬಂದಾಗ ಹೆಂಡತಿಯ ತಮ್ಮ ಜಿಲ್ಲಾ ಕೇಂದ್ರವೊಂದರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಫದಲ್ಲಿ ಟಿಬಿ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಟಿಬಿ ಇದೆ ಎಂದೂ, ರಿಫಾಂಪಿಸಿನ್ ಔಷಧಿಗೆ ಜಗ್ಗದ ಜಾತಿಯಲ್ಲ ಎಂದೂ ಬಂತು. ಎಚ್‌ಐವಿ ಇಲ್ಲ, ಸಕ್ಕರೆ ಇಲ್ಲ. ತೂಕ 43 ಕೆಜಿ. ಆ ತೂಕಕ್ಕೆ ದಿನಕ್ಕೆ ಮೂರು ಗುಳಿಗೆ. ಒಂದೊಂದು ಗುಳಿಗೆಯಲ್ಲೂ ನಾಲ್ಕು ಔಷಧಿ ಸೇರಿರುತ್ತವೆ. ಮೊದಲ ಎರಡು ತಿಂಗಳು ಇದು, ನಂತರ ನಾಲ್ಕು ತಿಂಗಳು ಮೂರು ಔಷಧಿಯ ಗುಳಿಗೆ. ವಾರ್ಡಿನಲ್ಲಿ ಕೆಲವು ದಿನ ಇಟ್ಟುಕೊಂಡು, ಎರಡು ವಾರದ ಗುಳಿಗೆ ಕೈಗೆ ಕೊಟ್ಟು ಡಿಸ್‌ಚಾರ್ಜ್ ಮಾಡಿದರು. ಇಲ್ಲಿಯವರೆಗೆ ಎಲ್ಲವೂ ಚೊಕ್ಕ.

ಎಲ್ಲಿ ತಪ್ಪಿತು

ಚೀಟಿಯ ಮೇಲೆ ವಿಳಾಸ ಬೇಕಲ್ವಾ? ಆಧಾರ್ ಕಾರ್ಡ್ ನೋಡಿ ಬರೆದರು. ಕಾರ್ಡಿನಲ್ಲಿ ಲಿಂಗಸುಗೂರು ಕಡೆಯ ಹಳ್ಳಿ ಇತ್ತು. ಅಣ್ಣ ಆ ಊರು ಬಿಟ್ಟು ವರ್ಷಗಳಾಗಿದ್ದವು. ಫೋನ್ ನಂಬರ್ ಅಂತ ಜೊತೆಗಿದ್ದ ಭಾಮೈದನ ನಂಬರ್ ಬರೆದರು. ಅವರು ಆಮೇಲೆ ದುಡಿಯಲು ಪುಣೆಗೆ ಹೋದರು, ಆ ಸಿಮ್ ಬಂದ್ ಆಯಿತು. ಟಿಬಿ ರೋಗಿಗಳನ್ನು ದಾಖಲಿಸುವ ಸರ್ಕಾರಿ ತಂತ್ರಾಂಶ ನಿಕ್ಷಯ್‌ನಲ್ಲಿ ಕೇಸು ರಾಯಚೂರು ಜಿಲ್ಲೆಯ ಘಟಕದ ಪಟ್ಟಿಗೆ ಹೋಯಿತು.

ಇಲ್ಲಿ ಯಾರೂ ಕೆಲಸ ಬಿಟ್ಟು ಕೂತಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಸ್ಪತ್ರೆಯವರು ಚೀಟಿ ಕೊಟ್ಟಿದ್ದರು, ಆನ್‌ಲೈನ್‌ನಲ್ಲೂ ಕಳಿಸಿದ್ದರು. ಆ ಕಡೆಯ ಆರೋಗ್ಯ ಸಿಬ್ಬಂದಿ ಮನೆಗೆ ಹೋಗಿ ಬಂದಿದ್ದರು. ಬೀಗ ಹಾಕಿತ್ತು. ಪಕ್ಕದ ಮನೆಯವರು "ಅಂವ ದವಾಖಾನ್ಯಾಗ ಅದಾನಂತ" ಅಂದರು. ಮನೆಯಲ್ಲಿಲ್ಲ ಎಂದು ಬರೆದುಕೊಂಡು ಬಂದರು. ಆಸ್ಪತ್ರೆಯ ಲೆಕ್ಕದಲ್ಲಿ ಅಣ್ಣ ಊರಿನಲ್ಲಿದ್ದರು, ಊರಿನ ಲೆಕ್ಕದಲ್ಲಿ ಆಸ್ಪತ್ರೆಯಲ್ಲಿದ್ದರು. ನಿಜವಾಗಿ ಅವರು ನಮ್ಮ ಕಡೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದರು. ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಹುಡುಕಾಟ

ಮೊದಲ ತಿರುವು ತಂದವರು ಆ ಕಡೆಯ ನನ್ನ ಸಹೋದ್ಯೋಗಿ. ಬೀಗ ಹಾಕಿದ ಮನೆಗೆ ಮತ್ತೆ ಹಗಲಿನಲ್ಲಿ ಹೋಗಬೇಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ ಎಂದು ಅಲ್ಲಿನ ಆಶಾ ಕಾರ್ಯಕರ್ತೆಗೆ ಹೇಳಿದರು. ಹಗಲಿನಲ್ಲಿ ಕೂಲಿ ಮಾಡುವ ಮನೆ ಅದು, ಬೀಗ ಇರುವುದು ಸಹಜ. ಸಂಜೆ ಹೋದಾಗ ಅಣ್ಣನ ತಾಯಿ ಸಿಕ್ಕರು. ಕೂಲಿ ಮುಗಿಸಿ ಬಂದಿದ್ದರು. "ಅಂವ ಕಾಲುವಿ ಕಡೆ ಮಿಲ್ಲಿನ್ಯಾಗ ಅದಾನವ್ವ. ಊರಿಗೆ ಬರೋದು ಜಾತ್ರಿಗೆ ಅಷ್ಟ" ಅಂದರು. ಯಾವ ಮಿಲ್ಲು, ಯಾವ ಊರು ಅವರಿಗೆ ಗೊತ್ತಿರಲಿಲ್ಲ. ಕಾಲುವೆ ಕಡೆ ಅಂದರೆ ಸಿಂಧನೂರಿನಿಂದ ಗಂಗಾವತಿಯವರೆಗೂ ಆಗಬಹುದು. ಆದರೆ ಇನ್ನೊಂದು ಮಾತು ಹೇಳಿದ್ದರು: ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ, ಅಲ್ಲಿ ತತ್ತಿ ಕೊಡುತ್ತಾರಂತೆ, ಸೊಸೆ ಹೇಳಿದ್ದಳು ಅಂತ.

ಸಹೋದ್ಯೋಗಿ ಕಾಲುವೆ ಭಾಗದ ಘಟಕಗಳಿಗೆಲ್ಲ ಫೋನ್ ಮಾಡಿದರು. ನಮಗೂ ಬಂತು.

ಆಗ ಒಂದು ನಿರ್ಧಾರ ಆಗಬೇಕಿತ್ತು. ಸುಲಭದ ದಾರಿ ಮಿಲ್ಲುಗಳಿಗೆ ಫೋನ್ ಮಾಡುವುದು. ನಮ್ಮ ತಂಡದಲ್ಲೂ ಕೆಲವರು ಅದನ್ನೇ ಹೇಳಿದರು: ಮಾಲೀಕರನ್ನು ಕೇಳಿದರೆ ಒಂದೇ ದಿನದಲ್ಲಿ ಪತ್ತೆಯಾಗುತ್ತದೆ, ಪರಿಚಯ ಇದೆ. ನಾನು ಬೇಡವೆಂದೆ, ವೈದ್ಯಾಧಿಕಾರಿಯೂ ಒಪ್ಪಿದರು. ಟಿಬಿ ಘಟಕದವರು ಒಬ್ಬ ಹಮಾಲನನ್ನು ಹೆಸರು ಹಿಡಿದು ಕೇಳಿದರೆ ಮಿಲ್ಲಿನವರಿಗೆ ಎಲ್ಲಾ ಗೊತ್ತಾದಂತೆಯೇ. ಮಾರನೇ ದಿನ ಮೇಸ್ತ್ರಿ "ನಾಳೆಯಿಂದ ಬರಬ್ಯಾಡ" ಅಂದರೆ ಅಣ್ಣ ಕೆಲಸದ ಜೊತೆ ಕೋಣೆಯನ್ನೂ ಕಳೆದುಕೊಳ್ಳುತ್ತಾರೆ. ಆಮೇಲೆ ಅವರನ್ನು ಹುಡುಕುವುದು ಎಲ್ಲಿ? ರೋಗಿಯ ಕಾಯಿಲೆ ರೋಗಿಯ ಮಾತು. ಅದನ್ನು ಹೊರಗೆ ಹೇಳುವ ಹಕ್ಕು ನಮಗಿಲ್ಲ.

ಹಾಗಾಗಿ ತತ್ತಿಯ ಜಾಡು ಹಿಡಿದೆವು. ಅಂಗನವಾಡಿ ಮೇಲ್ವಿಚಾರಕಿಯರ ಹತ್ತಿರ, ಆ ಊರಿನ ಕಡೆಯಿಂದ ಬಂದ ಕುಟುಂಬದ ಮೂರು ವರ್ಷದ ಹೆಣ್ಣುಮಗು ಯಾವ ಕೇಂದ್ರದಲ್ಲಿ ಇದೆ ಎಂದಷ್ಟೇ ಕೇಳಿದೆವು. ಮಗುವಿನ ಆರೋಗ್ಯ ತಪಾಸಣೆ ಇದೆ ಅಂದೆವು. ಅದು ಸುಳ್ಳಲ್ಲ, ಆ ಮಗುವಿಗೆ ನಿಜವಾಗಿಯೂ ತಪಾಸಣೆ ಬೇಕಿತ್ತು. ಕೆಲವೇ ದಿನಗಳಲ್ಲಿ ಒಂದು ಕೇಂದ್ರದಿಂದ ಉತ್ತರ ಬಂತು.

ಚೀಟಿಯನ್ನು ಅವರು ಓದಿಕೊಂಡ ರೀತಿ

ಆ ಭಾಗದ ಆಶಾ ಅಕ್ಕ ಮೊದಲು ಹೆಂಡತಿಯನ್ನು ಅಂಗನವಾಡಿಯಲ್ಲೇ ಮಾತಾಡಿಸಿದರು. ಆ ತಾಯಿಯ ಮೊದಲ ಮಾತೇ "ಯಕ್ಕಾ, ಲೈನಿನ್ಯಾಗ ಯಾರಿಗೂ ಹೇಳಬ್ಯಾಡ್ರಿ". ಸಂಜೆ ಅಣ್ಣ ಆರೋಗ್ಯ ಕೇಂದ್ರದ ಹತ್ತಿರ ಬಂದರು. ಗುಳಿಗೆ ಬಿಟ್ಟು ಮೂರು ವಾರ ದಾಟಿತ್ತು, ತಿಂಗಳು ತುಂಬಿರಲಿಲ್ಲ. ಕೆಮ್ಮು ಮತ್ತೆ ಶುರುವಾಗಿತ್ತು.

ಯಾಕೆ ಬಿಟ್ಟಿರಿ ಎಂದು ಗದರಿಸಿ ಕೇಳಿದ್ದರೆ "ಮರೆತೆ" ಅಂದು ಮುಗಿಸುತ್ತಿದ್ದರೇನೋ. ಏನೇನಾಯ್ತು ಹೇಳಿ ಅಣ್ಣಾ ಅಂತ ಸುಮ್ನೆ ಕೂತು ಕೇಳಿದ್ದಕ್ಕೆ ಒಂದೊಂದಾಗಿ ಹೊರಬಂತು.

"ಉಚ್ಚಿ ಕೆಂಪಗ ಹೋಗ್ತಿತ್ರಿ. ಒಳಗ ರಕ್ತ ಸೋರಾಕತ್ತೈತಿ ಅನ್ಕೊಂಡೆ." ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವುದು ಮಾಮೂಲು. ಅಪಾಯವಿಲ್ಲ. ಆದರೆ ಮೊದಲೇ ಕಫದಲ್ಲಿ ರಕ್ತ ಕಂಡು ಹೆದರಿದವರಿಗೆ ಇದನ್ನು ಹೇಳದೇ ಇದ್ದರೆ ಏನಾಗಬೇಕು? ಬೆಳಗಿನ ಜಾವ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಮೂರು ಗುಳಿಗೆ ನುಂಗಿ ಚೀಲ ಹೊರಲು ಹೋಗುತ್ತಿದ್ದರು, ವಾಂತಿಯಾಗುತ್ತಿತ್ತು. ಅದರ ಜೊತೆಗೆ ಎರಡು ವಾರದಲ್ಲಿ ಕೆಮ್ಮು ಇಳಿಯಿತು, ಜ್ವರ ಹೋಯಿತು. ಗುಳಿಗೆಯೂ ಅಷ್ಟೇ ಇದ್ದವು, ಕೋರ್ಸು ಮುಗಿಯಿತು ಎಂದುಕೊಂಡರು.

ಇಷ್ಟೂ ನಾವು ಬೇರೆ ರೋಗಿಗಳಿಂದಲೂ ಕೇಳಿರುವ ಮಾತು. ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯದು. ಕೆಮ್ಮು ಮತ್ತೆ ಬಂದಾಗ ಅವರು ಒಂದು ಸಲ ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಚೀಟಿ ತೋರಿಸಿದ್ದರು. ಕೌಂಟರಿನಲ್ಲಿದ್ದವರು ಓದಿ, "ಇದು ನಮ್ಮ ಏರಿಯಾ ಅಲ್ಲ, ನಿಮ್ಮೂರಿಗೆ ಹೋಗ್ರಿ" ಅಂದಿದ್ದರು. ಊರಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. "ಅಲ್ಲಿಗೇ ಹೋಗಬೇಕಂತ ಬರದಾರಲ್ರಿ ಸರ. ಬ್ಯಾರೆ ಕಡೆ ಕೊಡಂಗಿಲ್ಲ ಅಂತ ತಿಳಕೊಂಡೆ."

ಟಿಬಿ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ರೋಗಿ ಯಾವ ಊರಿನವರೇ ಆಗಿರಲಿ, ಎದುರಿಗೆ ಬಂದು ನಿಂತವರಿಗೆ ಔಷಧಿ ನಿಲ್ಲದಂತೆ ನೋಡಿಕೊಳ್ಳಬೇಕು, ಪಟ್ಟಿ ಆಮೇಲೆ ಸರಿಮಾಡಿಕೊಳ್ಳಬಹುದು. ಅಂದರೆ ಇವರನ್ನು "ಗುಳಿಗೆ ಬಿಟ್ಟ ರೋಗಿ" ಎಂದು ಬರೆಯುವುದು ತಪ್ಪು. ಇವರು ಗುಳಿಗೆ ಕೇಳಿಕೊಂಡು ಬಂದಿದ್ದರು, ವಾಪಸ್ ಕಳಿಸಲಾಗಿತ್ತು.

ಮತ್ತೆ ಶುರು

ಗುಳಿಗೆ ನಿಂತು ಒಂದು ತಿಂಗಳಿಗಿಂತ ಕಡಿಮೆಯಾಗಿದ್ದರೆ ಅದೇ ಕೋರ್ಸನ್ನು ಮುಂದುವರಿಸಿ, ತಪ್ಪಿದ ಡೋಸುಗಳನ್ನು ಸೇರಿಸಿ ಪೂರ್ತಿ ಮಾಡಿಸಬಹುದು. ತಿಂಗಳು ದಾಟಿದರೆ ಹೊಸದಾಗಿ ಪರೀಕ್ಷೆ ಮಾಡಿಯೇ ಮುಂದಿನದು. ಅಣ್ಣ ಗಡಿಯ ಈಚೆಗಿದ್ದರು. ಆದರೂ ವೈದ್ಯಾಧಿಕಾರಿ ಕಫವನ್ನು ಸಿಬಿನ್ಯಾಟ್‌ನಂಥದೇ ಟ್ರೂನ್ಯಾಟ್ ಪರೀಕ್ಷೆಗೆ ಕಳಿಸಿದರು. ಅರ್ಧಕ್ಕೆ ಬಿಟ್ಟ ಔಷಧಿಯಿಂದ ರೋಗಾಣು ಔಷಧಿಗೆ ಜಗ್ಗದಂತೆ ಆಗಿದ್ದರೆ ಅದೇ ಗುಳಿಗೆ ಕೊಟ್ಟು ತಿಂಗಳು ಕಳೆಯುವುದು ರೋಗಿಗೂ ಮನೆಯವರಿಗೂ ಅಪಾಯ. ಇದು ಸರಿಯಾದ ಎಚ್ಚರಿಕೆ ಎಂದೇ ನನ್ನ ಅಭಿಪ್ರಾಯ. ಫಲಿತಾಂಶದಲ್ಲಿ ಟಿಬಿ ಇತ್ತು, ಪುಣ್ಯಕ್ಕೆ ರಿಫಾಂಪಿಸಿನ್ ಇನ್ನೂ ಕೆಲಸ ಮಾಡುತ್ತಿತ್ತು. ವಾಂತಿ ಇದ್ದದ್ದರಿಂದ, ಕುಡಿತವೂ ಇದ್ದದ್ದರಿಂದ, ಲಿವರ್ ಪರೀಕ್ಷೆ ಮಾಡಿಸಿದರು. ಅದು ಸರಿಯಿತ್ತು.

ಗುಳಿಗೆಯ ಹೊತ್ತು ಬದಲಾಯಿಸಿದೆವು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಔಷಧಿ ಮೈಗೆ ಚೆನ್ನಾಗಿ ಹತ್ತುತ್ತದೆ, ನಿಜ. ಆದರೆ ಚೀಲ ಹೊರುವವರಿಗೆ ವಾಂತಿಯಾಗಿ ಗುಳಿಗೆಯೇ ಹೊರಗೆ ಬಂದರೆ ಏನು ಬಂತು? ಕೆಲಸ ಮುಗಿದ ಮೇಲೆ ಸಂಜೆ ಸ್ವಲ್ಪ ತಿಂದು ತೆಗೆದುಕೊಳ್ಳಲು ವೈದ್ಯರು ಹೇಳಿದರು. ವಾರದೊಳಗೆ ವಾಂತಿ ನಿಂತಿತು.

ಗುಳಿಗೆ ನುಂಗಿದ್ದನ್ನು ಯಾರು ನೋಡಿಕೊಳ್ಳಬೇಕು ಎಂಬ ಬಗ್ಗೆ ಚರ್ಚೆಯೇ ಆಯಿತು. ಒಮ್ಮೆ ಕೈತಪ್ಪಿದವರು, ಆಶಾ ದಿನಾ ಹೋಗಿ ಕಣ್ಣೆದುರೇ ನುಂಗಿಸಬೇಕು ಎಂಬುದು ಒಂದು ವಾದ. ಆದರೆ ತಗಡಿನ ಸಾಲು ಮನೆಗಳಿಗೆ ಆಶಾ ದಿನಾ ಒಂದೇ ಬಾಗಿಲಿಗೆ ಬಂದರೆ ಮೂರನೇ ದಿನಕ್ಕೆ ಎಲ್ಲರೂ ಕಾರಣ ಕೇಳುತ್ತಾರೆ. ಹೆಂಡತಿಯನ್ನೇ ಚಿಕಿತ್ಸಾ ಬೆಂಬಲಿಗರನ್ನಾಗಿ ಮಾಡಿದೆವು. ಅವರು ಮಗಳನ್ನು ಬಿಡಲು ಅಂಗನವಾಡಿಗೆ ಬಂದಾಗ ವಾರಕ್ಕೊಮ್ಮೆ ಖಾಲಿ ಸ್ಟ್ರಿಪ್ ಆಶಾ ಅಕ್ಕನಿಗೆ ತೋರಿಸುತ್ತಿದ್ದರು. ಒಮ್ಮೆ ಜಾತ್ರೆಗೆ ಹೋದ ಅಣ್ಣ ಕುಡಿದು ಮೂರು ದಿನ ಗುಳಿಗೆ ತಪ್ಪಿಸಿದರು. ಹೆಂಡತಿ ಮುಚ್ಚಿಡದೆ ಬಂದು ಹೇಳಿದರು. ಆಶಾ ಅಕ್ಕ ಮೊದಲ ದಿನದಿಂದ ಒಂದು ಸಲವೂ ಬೈದಿರಲಿಲ್ಲ, ಅದಕ್ಕೇ ಹೇಳಿದರು ಎಂದು ನಾನು ನಂಬಿದ್ದೇನೆ.

ಗುಳಿಗೆ ತುಂಬಿಸಿಕೊಳ್ಳುವ ದಿನವನ್ನು ಅಣ್ಣನೇ ಆರಿಸಿದರು: ಅಮಾವಾಸ್ಯೆ. ಆ ಮಿಲ್ಲಿನಲ್ಲಿ ಅವತ್ತು ಹಮಾಲರಿಗೆ ಬಿಡುವು. ನಮ್ಮ ಲೆಕ್ಕ ಬೇರೆ. ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಒಂದು ತಿಂಗಳು ಅಂದರೆ 28 ಡೋಸು, ಮೊದಲ ಹಂತ 56, ಎರಡನೆಯದು 112. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ಅಥವಾ 30 ದಿನ. ಪ್ರತಿ ಸಲ ಒಂದೆರಡು ದಿನದ ಗುಳಿಗೆ ಕಡಿಮೆ ಬೀಳುತ್ತದೆ. ಫಾರ್ಮಸಿಸ್ಟ್ ಅದನ್ನು ಗಮನಿಸಿ ಮುಂಚೆಯೇ ಜಾಸ್ತಿ ಕೊಟ್ಟು ಕಾರ್ಡಿನಲ್ಲಿ ಬರೆದರು. ನಮ್ಮ ದಿನಕ್ಕೆ ಅವರು ಬರಬೇಕು ಎಂದು ಹಟ ಹಿಡಿದಿದ್ದರೆ ತಿಂಗಳಿಗೊಂದು ಕೂಲಿ ಕಳೆದುಕೊಳ್ಳಬೇಕಿತ್ತು.

ಮಗಳನ್ನು ಪರೀಕ್ಷೆ ಮಾಡಿಸಿದೆವು. ರೋಗ ಇರಲಿಲ್ಲ. ಐದು ವರ್ಷದೊಳಗಿನ ಮಗು, ಒಂದೇ ಕೋಣೆಯಲ್ಲಿ ಮಲಗುವುದು. ಟಿಬಿ ಬರದಂತೆ ತಡೆಯಲು ಆರು ತಿಂಗಳು ಐಸೋನಿಯಾಜಿಡ್ ಔಷಧಿ ಕೊಡಿಸಿದೆವು. ಮೂಲ ಚೀಟಿಯಲ್ಲಿ ಮಗುವಿನ ವಿಷಯವೇ ಇರಲಿಲ್ಲ. ಅಪ್ಪ ಸಿಗದಿದ್ದರೆ ಈ ಮಗುವೂ ಸಿಗುತ್ತಿರಲಿಲ್ಲ.

ಸಾಲು ಮನೆಗಳ ಉಳಿದವರಿಗಾಗಿ ಮಿಲ್ಲಿನ ಆವರಣದಲ್ಲಿ ಎಲ್ಲರಿಗೂ ಬಿಪಿ, ಸಕ್ಕರೆ, ಕೆಮ್ಮಿನ ತಪಾಸಣೆ ಎಂದು ಶಿಬಿರ ಮಾಡಿದೆವು. ಅಣ್ಣನೂ ಉಳಿದವರಂತೆ ಸಾಲಿನಲ್ಲಿ ನಿಂತರು. ಇಬ್ಬರ ಕಫ ಪರೀಕ್ಷೆಗೆ ಹೋಯಿತು, ಎರಡೂ ನೆಗೆಟಿವ್. ಒಬ್ಬರಿಗೆ ಗೊತ್ತೇ ಇರದ ಸಕ್ಕರೆ ಕಾಯಿಲೆ ಪತ್ತೆಯಾಯಿತು.

ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ಪೋಷಣೆಯ ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿಕ್ಷಯ್ ಪೋಷಣ್ ಯೋಜನೆ 2018ರ ಏಪ್ರಿಲ್‌ನಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಅಣ್ಣನ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿತ್ತು. ಬ್ಯಾಂಕಿಗೆ ಓಡಾಡಿ ಸರಿಮಾಡಿಸುವ ಹೊತ್ತಿಗೆ, ಹಣ ತೀರಾ ಬೇಕಿದ್ದ ಮೊದಲ ತಿಂಗಳುಗಳು ಕಳೆದಿದ್ದವು.

ಎರಡನೇ ವರ್ಗಾವಣೆ

ಎರಡನೇ ಹಂತದ ನಡುವೆ ಮಿಲ್ಲಿನಲ್ಲಿ ಕೆಲಸ ಇಳಿಯಿತು. ಅಣ್ಣ ಕುಟುಂಬ ಸಮೇತ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ಈ ಸಲ ಅಮಾವಾಸ್ಯೆಗೆ ಬಂದಾಗ ಅವರಾಗಿಯೇ ಹೇಳಿದರು. ನನಗೆ ಈ ಪ್ರಕರಣದ ದೊಡ್ಡ ಗೆಲುವು ಇದೇ.

"ಬೆಂಗಳೂರಿನಾಗ ರಾತ್ರಿ ಎಲ್ಲಿ ಮಲಗ್ತೀರಿ ಅಣ್ಣಾ?" ಎಂದು ಆಶಾ ಅಕ್ಕ ಕೇಳಿದರು. ಗೊತ್ತಿರಲಿಲ್ಲ, ಮೇಸ್ತ್ರಿಗೆ ಗೊತ್ತು ಅಂದರು. ಹೆಂಡತಿಯೇ ಮೇಸ್ತ್ರಿಗೆ ಫೋನ್ ಮಾಡಿ ಶೆಡ್ಡು ಎಲ್ಲಿ ಎಂದು ಕೇಳಿದರು. ಯಾಕೆ ಎಂದು ಅವನಿಗೆ ಹೇಳುವ ಅಗತ್ಯ ಬೀಳಲಿಲ್ಲ. ಆ ಜಾಗಕ್ಕೆ ಹತ್ತಿರದ ಆರೋಗ್ಯ ಕೇಂದ್ರ ಯಾವುದು ಎಂದು ನಾವು ಹುಡುಕಿ, ಅಲ್ಲಿನ ಎಸ್‌ಟಿಎಸ್ ಜೊತೆ ಮಾತಾಡಿದೆವು. ಒಂದು ತಿಂಗಳ ಗುಳಿಗೆ ಕೈಗೆ ಕೊಟ್ಟೆವು. ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದೆವು: ಯಾವ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ಈ ಗುಳಿಗೆ ಉಚಿತವಾಗಿ ಸಿಗುತ್ತದೆ. ಕೆಳಗೆ ನಿಕ್ಷಯ್ ಸಂಪರ್ಕ್ ಸಹಾಯವಾಣಿ 1800-11-6666.

ಕೇಸನ್ನು ನಮ್ಮ ಪಟ್ಟಿಯಿಂದ ತಕ್ಷಣ ಬಿಡಲಿಲ್ಲ. ಅಣ್ಣ ಅಲ್ಲಿನ ಕೇಂದ್ರಕ್ಕೆ ಹೋಗಿ ಅಲ್ಲಿಂದಲೇ ಫೋನ್ ಮಾಡಿದರು. ಅದೇ ಫೋನಿನಲ್ಲಿ ಅಲ್ಲಿನ ಸಿಬ್ಬಂದಿ "ಬಂದಿದ್ದಾರೆ, ಮುಂದಿನ ಗುಳಿಗೆ ಕೊಟ್ಟಿದ್ದೇವೆ" ಅಂದ ಮೇಲೆ ವರ್ಗಾಯಿಸಿದೆವು. ಕೋರ್ಸು ಬೆಂಗಳೂರಿನಲ್ಲೇ ಮುಗಿಯಿತು. ಕೊನೆಯ ಕಫ ಪರೀಕ್ಷೆ ನೆಗೆಟಿವ್. ತೂಕ 49 ಕೆಜಿ. ಮುಗಿದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ನೋಡಬೇಕು. ಮೊದಲನೆಯದಕ್ಕೆ ಬಂದು ಹೋಗಿದ್ದಾರೆ.

ನಮ್ಮಲ್ಲಿ ಬದಲಾದದ್ದು

ಒಬ್ಬರೇ ರೋಗಿ, ಎರಡು ವರ್ಗಾವಣೆ. ಒಂದು ಅವರನ್ನು ಕಳೆದುಹಾಕಿತು, ಇನ್ನೊಂದು ಮುಟ್ಟಿಸಿತು. ತಂತ್ರಾಂಶ, ಗುಳಿಗೆ, ರೋಗಿ ಎರಡರಲ್ಲೂ ಒಂದೇ. ನಾನು ನೋಡಿದಂತೆ ವ್ಯತ್ಯಾಸ ಎರಡೇ ಕಡೆ ಇತ್ತು. ಎರಡನೇ ಸಲ ವಿಳಾಸ ಕೇಳಲಿಲ್ಲ, ಮಲಗುವ ಜಾಗ ಕೇಳಿದೆವು. ಮತ್ತು ಆ ಕಡೆಯವರು "ಬಂದರು" ಅನ್ನುವವರೆಗೂ ಈ ಕಡೆಯವರು ಕೈ ಬಿಡಲಿಲ್ಲ.

ಜಿಲ್ಲಾ ಸಭೆಯಲ್ಲಿ ಈ ಪ್ರಕರಣವನ್ನು ಹೆಸರಿಲ್ಲದೆ ಮುಂದಿಟ್ಟೆವು. ಆ ದೊಡ್ಡಾಸ್ಪತ್ರೆಯ ಟಿಬಿ ವಿಭಾಗದವರು ಬಹಳ ಚೆನ್ನಾಗಿ ಸ್ಪಂದಿಸಿದರು. ಈಗ ಡಿಸ್‌ಚಾರ್ಜ್ ಹೊತ್ತಿನಲ್ಲಿ, ರೋಗಿ ಎದುರಿಗಿರುವಾಗಲೇ, ಸೇರಬೇಕಾದ ಘಟಕಕ್ಕೆ ಫೋನ್ ಮಾಡಿ ರೋಗಿಯ ಕೈಗೇ ಕೊಡುತ್ತಾರೆ. ನಂಬರ್ ಎರಡು ಬರೆದುಕೊಳ್ಳುತ್ತಾರೆ, ಒಂದು ಮನೆಯ ಹೆಣ್ಣುಮಕ್ಕಳದ್ದು. ಮೂತ್ರದ ಬಣ್ಣದ ವಿಷಯ ಬಾಯಿಬಿಟ್ಟು ಹೇಳುತ್ತಾರೆ. ಎರಡು ವಾರದ ಬದಲು 28 ದಿನದ ಗುಳಿಗೆ ಕೊಡುತ್ತಾರೆ, ಹುಡುಕಬೇಕಾಗಿ ಬಂದರೂ ನಮಗೆ ಅಷ್ಟು ಸಮಯ ಸಿಗುತ್ತದೆ. ನಮ್ಮ ಕಡೆಯ ಕೌಂಟರುಗಳಲ್ಲಿ "ನಮ್ಮ ಏರಿಯಾ ಅಲ್ಲ" ಎಂಬ ಮಾತು ನಿಲ್ಲಿಸಲು ಜಾಸ್ತಿ ಕಷ್ಟಪಡಬೇಕಾಯಿತು. ಸಿಬ್ಬಂದಿ ಬದಲಾದಂತೆಲ್ಲ ಮತ್ತೆ ಹೇಳಬೇಕು.

ಎರಡು ಕಡೆ ಇನ್ನೂ ದಾರಿ ಕಂಡಿಲ್ಲ. ಭಾನುವಾರ, ಹಬ್ಬದ ದಿನ, ರಾತ್ರಿ ಡಿಸ್‌ಚಾರ್ಜ್ ಆಗುವವರಿಗೆ ಈ ಫೋನ್ ಆಗುವುದಿಲ್ಲ, ಟಿಬಿ ವಿಭಾಗ ಮುಚ್ಚಿರುತ್ತದೆ. ಖಾಸಗಿ ಆಸ್ಪತ್ರೆಯಿಂದ ಅರ್ಧಕ್ಕೆ ಹಣ ಸಾಲದೆ ಹೊರಬರುವವರ ಸುದ್ದಿ ನಮಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ಈ ಎರಡರಲ್ಲಿ ಯಾವುದನ್ನಾದರೂ ಬಗೆಹರಿಸಿಕೊಂಡ ಘಟಕದವರು ಇದ್ದರೆ, ಹೇಗೆ ಮಾಡಿದಿರಿ ಎಂದು ದಯವಿಟ್ಟು ಬರೆಯಿರಿ. ಮೊದಲು ಭಾನುವಾರದ್ದು ಹೇಳಿ, ನಮಗೆ ಅದು ತುರ್ತಾಗಿ ಬೇಕಾಗಿದೆ.